ಮಾ ಚೊಲ್ಗು ಮನೆಯಲ್ಲಿದ್ದಾನಾ?

"ಮಾ ಚೊಲ್ಗು ಅವರು ಇದ್ದಾರಾ?"

ಬಾಗಿಲ ಆಚೆಯಿಂದ ಬಂದ ಆ ಗಂಡು ದನಿ ಕೇಳಿ ಸೆಬೊಮ್‌ಳ ಬಾಯಿಗೆ ಹೋಗುತ್ತಿದ್ದ ತುತ್ತು ಅರ್ಧದಲ್ಲೇ ನಿಂತಿತು.

ಗೋಡೆಯ ಮೇಲಿನ ಪುಟ್ಟ ಪರದೆಯಲ್ಲಿ ಒಬ್ಬ ಯುವಕ. ಕಪ್ಪು ಕೋಟು, ತೆಳ್ಳನೆಯ ಕನ್ನಡಕ. ಮುಖದಲ್ಲಿ ಕೆಟ್ಟತನವೇನೂ ಕಾಣಲಿಲ್ಲ. ಅದೇ ಅವಳನ್ನು ಇನ್ನಷ್ಟು ಹೆದರಿಸಿತು.

'ಇವನು ಮೇಲೆ ಹೇಗೆ ಬಂದ?! ಕೆಳಗಿನ ಬಾಗಿಲಿಗೆ ಗುಟ್ಟಿನ ಸಂಖ್ಯೆ ಒತ್ತದೆ ಈ ಕಟ್ಟಡದೊಳಗೆ ಒಂದು ಬೆಕ್ಕೂ ಬರೋ ಹಾಗಿಲ್ಲ...'

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಮಾ ಚೊಲ್ಗು ಎಂಬ ಮನುಷ್ಯ ಈ ಮನೆಯಲ್ಲಿರಲಿಲ್ಲ. ಎಲ್ಲೂ ಇರಲಿಲ್ಲ.

ಅವನನ್ನು ಹುಟ್ಟಿಸಿದವಳು ಸೆಬೊಮ್!

ಬುಸಾನಿನಲ್ಲಿ ಒಂಟಿಯಾಗಿರುವ ಹೆಣ್ಣು ಪಾರ್ಸೆಲ್ ಮೇಲೆ ಸ್ವಂತ ಹೆಸರು ಬರೆಸುವುದುಂಟೇ? ಅವಳ ಗೆಳತಿಯರಲ್ಲಿ ಒಬ್ಬೊಬ್ಬರ ಮನೆಯಲ್ಲೂ ಒಬ್ಬೊಬ್ಬ ಸುಳ್ಳು ಗಂಡಸಿದ್ದ. ಹೆಸರು ಕೇಳಿದರೇ ದಪ್ಪ ಕುತ್ತಿಗೆ, ಒರಟು ಕೈ ಕಣ್ಣ ಮುಂದೆ ಬರಬೇಕು, ಅಂಥವನು. ಸೆಬೊಮ್ ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿ ಪಾರ್ಸೆಲ್‌ಗೂ ಅವಳಿಗೆ ಹೊಸ ಗಂಡಸು ಬೇಕು. ಒಮ್ಮೆ ಬಳಸಿದ ಹೆಸರನ್ನು ಮತ್ತೆ ಮುಟ್ಟುತ್ತಿರಲಿಲ್ಲ.

"ದುರುಮಿ ಪಾರ್ಸೆಲ್ ಕಂಪನಿ ಕಡೆಯಿಂದ ಬಂದಿದ್ದೀನಿ. ಎರಡೇ ನಿಮಿಷ ಮಾತಾಡ್ಬೇಕಿತ್ತು..." ಎಂದಿತು ಪರದೆಯ ಮುಖ.

ಸುಳ್ಳು! ದುರುಮಿ ಕಂಪನಿಯಲ್ಲಿ ಗ್ರಾಹಕರ ಮಾಹಿತಿ ಕಾಯುವ ಕೆಲಸ ಸೆಬೊಮ್‌ಳದೇ. ಅಲ್ಲಿ ಈ ಮುಖವನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಅವಳು ದೀಪ ಆರಿಸಿದಳು. ಗೋಡೆಗೊರಗಿ ನೆಲಕ್ಕೆ ಕುಸಿದಳು. ಉಸಿರಿನ ಸದ್ದೂ ಹೊರಗೆ ಹೋಗಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದಳು.

ಅವನು ತುಸು ಹೊತ್ತು ನಿಂತ. ಆಮೇಲೆ ಯಾರಿಗೋ ಎಂಬಂತೆ ಮೆಲ್ಲಗೆ, "ಹೆದರಿಸಿಬಿಟ್ಟೆ ಅನ್ಸುತ್ತೆ. ಕ್ಷಮಿಸಿ," ಎಂದು ತಲೆಬಾಗಿ ಮೆಟ್ಟಿಲಿಳಿದು ಹೋದ.

ಆ ಕ್ಷಮೆ ಅವಳ ಕಿವಿಗೆ ಬಿತ್ತು. ಎದೆಗೆ ಇಳಿಯಲಿಲ್ಲ.

*

ಮರುದಿನ ಬೆಳಿಗ್ಗೆ ನಿರ್ದೇಶಕ ಚಾ ಅವರ ಕೋಣೆಗೆ ಕಾಲಿಟ್ಟವಳೇ ಸೆಬೊಮ್ ಬಾಗಿಲ ಹಿಡಿ ಹಿಡಿದು ನಿಂತುಬಿಟ್ಟಳು.

ಅದೇ ಕಪ್ಪು ಕೋಟು. ಅದೇ ಕನ್ನಡಕ!

"ಬಾ ಸೆಬೊಮ್. ಇವರು ಗುಕ್ ಜಿಹಾನ್ ಅಂತ. ಸಿಯೋಲ್‌ನಿಂದ ಬಂದಿದ್ದಾರೆ. ಮಾಹಿತಿ ಕಳ್ಳತನ ಪತ್ತೆ ಮಾಡೋರು," ಎಂದರು ಚಾ. ಬೆಳಿಗ್ಗೆಯೇ ಅವರ ಹಣೆ ಬೆವೆತಿತ್ತು.

ಜಿಹಾನ್ ಎದ್ದು ನಿಂತು ವಂದಿಸಿದ. ವಿಷಯವನ್ನು ಸುತ್ತಿ ಬಳಸದೆ ಹೇಳಿದ. ದುರುಮಿಯ ಗ್ರಾಹಕರ ಹೆಸರು, ವಿಳಾಸ, ಅವರ ಕಟ್ಟಡಗಳ ಬಾಗಿಲಿನ ಸಂಖ್ಯೆ... ಎರಡು ಲಕ್ಷ ಮನೆಗಳ ಗುಟ್ಟನ್ನು ಯಾರೋ ಅಂತರ್ಜಾಲದ ಕಳ್ಳಸಂತೆಯಲ್ಲಿ ಮಾರಾಟಕ್ಕಿಟ್ಟಿದ್ದರು.

"ಮಾದರಿಗೆ ಅಂತ ಕೆಲವು ಮನೆಗಳದ್ದು ಹಾಕಿದ್ದಾರೆ. ಅದು ನಿಜವೋ ಸುಳ್ಳೋ ನೋಡೋಕೆ ನಿನ್ನೆ ಯೊಂಗ್ದೊ ಗುಡ್ಡದ ಒಂದು ಕಟ್ಟಡಕ್ಕೆ ಹೋಗಿದ್ದೆ. ಸಂಖ್ಯೆ ಒತ್ತಿದೆ. ಬಾಗಿಲು ತೆಗೀತು." ಅವನ ದನಿ ಇಳಿಯಿತು. "ತೆಗೀಬಾರದು, ತೆಗೀಬಾರದು ಅಂದ್ಕೊಂಡೇ ಒತ್ತಿದ್ದೆ. ತೆಗೀತು."

ಎರಡು ಲಕ್ಷ ಮನೆ! ಅದರಲ್ಲಿ ತನ್ನಂತೆ ಒಂಟಿಯಾಗಿ ಮಲಗುವವರು ಎಷ್ಟು ಜನ? ಕಾಯಬೇಕಾದವಳು ತಾನು. ತನ್ನ ಕಣ್ಣೆದುರೇ ಯಾರೋ ಹೊತ್ತುಕೊಂಡು ಹೋಗಿದ್ದಾರೆ...

"ಅಲ್ಲಿದ್ದ ಹೆಸರು ಮಾ ಚೊಲ್ಗು. ಈಗ ನಿಮ್ಮ ನೌಕರರ ವಿಳಾಸ ನೋಡಿದೆ." ಜಿಹಾನ್ ಅವಳನ್ನೇ ನೇರವಾಗಿ ನೋಡಿದ. "ಅದು ನಿಮ್ಮ ಮನೆ. ಮಾ ಚೊಲ್ಗು ಯಾರು?"

ಸೆಬೊಮ್‌ಳ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಮಿರಿ ಚಹಾದ ತಟ್ಟೆ ಹಿಡಿದು ಬಂದವಳು ಅಲ್ಲೇ ನಿಂತಳು.

'ಹೇಳಿಬಿಡಲಾ? ಯಾರೂ ಇಲ್ಲ, ನಾನೊಬ್ಬಳೇ ಇರೋದು ಅಂತ? ನನ್ನ ಮೆಟ್ಟಿಲು, ನನ್ನ ಬಾಗಿಲು, ಎಲ್ಲ ಗೊತ್ತಿರೋ ಈ ಅಪರಿಚಿತನಿಗೆ?!'

"ನನ್ನ ಗಂಡ!" ಎಂದುಬಿಟ್ಟಳು.

ಮಿರಿಯ ತಟ್ಟೆ ಟಣ್ ಎಂದಿತು. "ಯಾವಾಗಲೇ?! ಮದುವೆ ಊಟದ ನೂಡಲ್ಸ್ ತಿನ್ನಿಸದೇ ಮದುವೆ ಆದ್ಯಾ? ಪಾಪಿ!"

"ಸಣ್ಣದಾಗಿ... ಮನೆಯವರ ಮಟ್ಟಿಗೆ..." ಸೆಬೊಮ್‌ಳ ಕಿವಿ ಕೆಂಪಾಯಿತು.

ಜಿಹಾನ್‌ನ ಪೆನ್ನು ಕ್ಷಣಕಾಲ ಗಾಳಿಯಲ್ಲೇ ನಿಂತಿತು. ಆ ವಿಳಾಸದಲ್ಲಿ ಸರ್ಕಾರದ ದಾಖಲೆ ತೋರಿಸುವುದು ಒಬ್ಬಳೇ ಹೆಣ್ಣನ್ನು ಎಂದು ಅವನಿಗೆ ಗೊತ್ತಿತ್ತು. ಮಾಹಿತಿ ಕಾಯುವವಳೇ ಸುಳ್ಳು ಹೇಳುತ್ತಿದ್ದಾಳೆ. ಅದು ಅವನಿಗೆ ಇಷ್ಟವಾಗಲಿಲ್ಲ. ಗಂಡ ಎಂಬ ಮಾತು ಅದಕ್ಕಿಂತ ಇಷ್ಟವಾಗಲಿಲ್ಲ. ಯಾಕೆಂದು ಮಾತ್ರ ಅವನು ತನ್ನನ್ನೇ ಕೇಳಿಕೊಳ್ಳಲಿಲ್ಲ.

*

ಮುಂದಿನ ದಿನಗಳಲ್ಲಿ ಇಬ್ಬರಿಗೂ ಒಂದೇ ಮೇಜು.

ಅವನು ಬೆನ್ನ ಹಿಂದೆ ಬಂದರೆ ಅವಳು ಬೆಚ್ಚಿಬೀಳುತ್ತಿದ್ದಳು. ಎರಡು ಸಲ ನೋಡಿದ. ಮೂರನೆಯ ಸಲದಿಂದ ದೂರದಲ್ಲೇ ನಿಂತು ಮೇಜಿಗೆ ಟಕ್ ಟಕ್ ಎಂದು ಬೆರಳು ತಟ್ಟಿ, ಅವಳು ತಿರುಗಿದ ಮೇಲೆಯೇ ಹತ್ತಿರ ಬರುವುದನ್ನು ರೂಢಿಸಿಕೊಂಡ. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಒಂದು ಮಧ್ಯಾಹ್ನ ಕಾಗದದ ಲೋಟದಲ್ಲಿ ಹೊಗೆಯಾಡುವ ಮೀನಿನ ಸಾರು ತಂದಿಟ್ಟ.

"ಖಾರ ಹಾಕಿಸಿಲ್ಲ. ನಿಮ್ಮ ಕೈ ಮೊದಲೇ ನಡುಗ್ತಿದೆ."

"ಚಳಿಗೆ," ಎಂದಳು.

"ಹ್ಞೂಂ... ಚಳಿಗೆ," ಎಂದು ಒಪ್ಪಿಕೊಂಡ. ಎದ್ದು ಹೋಗಿ ಕಿಟಕಿ ಮುಚ್ಚಿದ.

'ಯಾಕಿಷ್ಟು ಒಳ್ಳೆಯವನ ಹಾಗೆ ನಡ್ಕೋತಾನೆ? ಒಳ್ಳೆಯವನೇ ಇರಬಹುದಾ...'

ಅದೇ ಸಂಜೆ ನಿರ್ದೇಶಕರ ಕೋಣೆಯಿಂದ ಅವನ ದನಿ ಏರಿದ್ದು ಕೇಳಿಸಿತು.

"ಗ್ರಾಹಕರಿಗೆ ಇವತ್ತೇ ತಿಳಿಸ್ಬೇಕು ಸಾರ್!"

"ಎಲ್ಲಿಂದ ಸೋರ್ತಿದೆ ಅಂತಲೇ ಗೊತ್ತಿಲ್ಲ, ಏನಂತ ತಿಳಿಸ್ಲಿ? ಕಂಪನಿ ಮಾನ ಹೋಗುತ್ತೆ ಕಣ್ರೀ!"

"ಹೋದ ಮಾನ ದುಡಿದು ತರಬಹುದು. ಯಾರದೋ ಮನೆ ಬಾಗಿಲು ಒಂದು ಸಲ ತೆಗೆದುಹೋದ್ರೆ, ಆಮೇಲೆ ಆ ಮನೇಲಿ ಯಾರು ನಿದ್ದೆ ಮಾಡ್ತಾರೆ?"

ಸೆಬೊಮ್ ಮೇಜಿನ ಮೇಲಿನ ಸಾರಿನ ಲೋಟದತ್ತ ನೋಡಿದಳು. ಇವನು ಕಳ್ಳನಲ್ಲ. ಅಲ್ಲವೇ ಅಲ್ಲ. ನಾಳೆ ನಿಜ ಹೇಳಿಬಿಡಬೇಕು...

ಆ ನಿರ್ಧಾರ ಮನೆ ಮುಟ್ಟುವವರೆಗೂ ಉಳಿಯಿತು. ಅಷ್ಟೇ.

ಅವಳು ಚಪ್ಪಲಿ ಕಳಚುತ್ತಿದ್ದಂತೆ ಗೋಡೆಯ ಪರದೆ ಬೆಳಗಿತು. ಕೆಳಗಿನ ಬಾಗಿಲಿನಿಂದ ಯಾರೋ ಅವಳ ಮನೆಯ ಗುಂಡಿ ಒತ್ತಿದ್ದರು. ಪರದೆಯಲ್ಲಿ ಮುಖವಿಲ್ಲ. ಬರೀ ಕತ್ತಲು. ಯಾರೋ ಅಂಗೈಯಿಂದ ಕ್ಯಾಮೆರಾ ಮುಚ್ಚಿದ್ದರು.

"ಅತ್ತಿಗೇ..." ಪಿಸುಮಾತು. ಹಿಂದೆಯೇ ಒಂದು ಕಿಸಕ್ಕನೆಯ ನಗು. "ಚೊಲ್ಗು ಅಣ್ಣ ಇಲ್ವಾ?"

ಪರದೆ ಆರಿತು.

ಅತ್ತಿಗೆ! ಚೊಲ್ಗು ತನ್ನ ಗಂಡನೆಂದು ಅವಳು ಹೇಳಿದ್ದು ಜಗತ್ತಿನಲ್ಲಿ ಒಂದೇ ಕೋಣೆಯಲ್ಲಿ. ಅಲ್ಲಿದ್ದವರು ನಿರ್ದೇಶಕರು, ಮಿರಿ ಮತ್ತು...

ಮತ್ತು ಗುಕ್ ಜಿಹಾನ್.

*

"ತಮಾಷೆ ನೋಡಿದ್ರಾ?" ಮರುದಿನ ಸಂಜೆ ಎಲ್ಲರೂ ಹೋದ ಮೇಲೆ ಅವಳು ಅವನೆದುರು ನಿಂತಳು. "ಅತ್ತಿಗೆ ಅಂತ ಕರೆದು ನಕ್ಕರೆ ಇವಳು ಹೇಗೆ ನಡುಗ್ತಾಳೆ ಅಂತ ನೋಡೋ ಆಸೆನಾ?"

"ಏನು ಹೇಳ್ತಿದ್ದೀರಾ? ಯಾರು ಕರೆದ್ರು? ಯಾವಾಗ?!" ಜಿಹಾನ್ ದಡಕ್ಕನೆ ಎದ್ದ. ಅವಳು ಹಿಂದೆ ಸರಿದಳು. ಅದನ್ನು ಕಂಡು ಅವನು ಮತ್ತೆ ಕುಳಿತ.

"ನನ್ನ ಮನೆ ದಾರಿ, ಬಾಗಿಲ ಸಂಖ್ಯೆ, ಗಂಡನ ಹೆಸರು, ಮೂರೂ ಗೊತ್ತಿರೋದು ನಿಮಗೊಬ್ಬರಿಗೇ!"

"ನಂಗೆ ಇನ್ನೊಂದೂ ಗೊತ್ತು ಸೆಬೊಮ್. ಆ ಗಂಡ ಇಲ್ಲ." ಅವನ ಮುಖ ಬಿಳಿಚಿತ್ತು. "ಯಾಕೆ ಸುಳ್ಳು ಹೇಳಿದ್ರಿ ಅಂತ ಹೇಳಿ. ಇಲ್ದಿದ್ರೆ ನಾಳೆ ವರದಿಯಲ್ಲಿ ನಿಮ್ಮ ಹೆಸರು ಬರೀಬೇಕಾಗುತ್ತೆ."

"ಓಹೋ... ನಾನೇ ಕಳ್ಳಿ ಅಂತೀರಾ?"

"ಅಲ್ಲ ಅಂತ ಹೇಳಿ ಅಂತ ಬೇಡ್ಕೋತಿದ್ದೀನಿ!"

ಅವಳು ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಗುಡ್ಡ ಹತ್ತುವ ಪುಟ್ಟ ಬಸ್ಸಿನಲ್ಲಿ ಕಿಟಕಿಯಾಚೆ ಬಂದರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅವಳಿಗೆ ಎಲ್ಲವೂ ಮಸುಕು ಮಸುಕು.

'ಅವನನ್ನ ನಂಬಿದ್ದೆನಲ್ಲಾ... ಸಾರಿನ ಲೋಟಕ್ಕೆ ಮರುಳಾದೆನಲ್ಲಾ!'

ಮನೆಗೆ ಬಂದು ಮೂರು ಸಲ ಬೀಗ ನೋಡಿದಳು. ಅಡುಗೆ ಬೇಡವೆನಿಸಿತು. ಹಬ್ಬಕ್ಕೆ ನಾಜು ಊರಿನಿಂದ ಅಮ್ಮ ಕಳಿಸಿದ್ದ ಪೇರು ಹಣ್ಣಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಉಳಿದಿದ್ದ ಒಂದೇ ಹಣ್ಣು ತೆಗೆದುಕೊಂಡು ಸಿಪ್ಪೆ ಹೆರೆಯಲು ಕೂತಳು. ಸಿಪ್ಪೆ ಮುರಿಯದೆ ಸುರುಳಿ ಸುರುಳಿಯಾಗಿ ಇಳಿಯಿತು.

ಚಾಕು ತಟ್ಟನೆ ನಿಂತಿತು.

'ಅಮ್ಮ ಫೋನ್ ಮಾಡಿ, "ಈ ಸಲ ಯಾರ ಹೆಸರೇ?" ಅಂದಿದ್ದಳು. ನಾನು ಮಾ ಚೊಲ್ಗು ಅಂದಿದ್ದೆ. ಈ ಪೆಟ್ಟಿಗೆಗೆ ಮಾತ್ರ. ಇದೊಂದಕ್ಕೆ!'

ಅವಳ ತಲೆ ಚಕಚಕನೆ ಓಡತೊಡಗಿತು. ಪಾರ್ಸೆಲ್ ತಲುಪಿದ ವಾರದೊಳಗೆ ಹೆಸರು, ಸಂಖ್ಯೆ ಎಲ್ಲ ಅಳಿಸಿಹೋಗಬೇಕು ಎಂಬ ನಿಯಮ ಬರೆದವಳೇ ಅವಳು. ಅಂದರೆ ಮಾ ಚೊಲ್ಗು ಕಂಪನಿಯ ಗಣಕದಲ್ಲಿ ಬದುಕಿದ್ದು ಚುಸೊಕ್ ಸುಗ್ಗಿ ಹಬ್ಬದ ಆ ಒಂದು ವಾರ ಮಾತ್ರ. ಕಳ್ಳತನ ನಡೆದಿದ್ದೂ ಆಗಲೇ!

ಆ ವಾರ ಈ ಗುಡ್ಡಕ್ಕೆ ಪಾರ್ಸೆಲ್ ತರುವ ಪಾನ್ಸು ಮಾಮನಿಗೆ ಸೊಂಟ ಹಿಡಿದಿತ್ತು. ಪೇರು ಹಣ್ಣಿನ ಪೆಟ್ಟಿಗೆ ಹೊತ್ತು ತಂದವನು ದಿನಗೂಲಿಯ ಯಾವನೋ ಹೊಸಬ. ಪೆಟ್ಟಿಗೆ ಭಾರವೆಂದು ಅವಳೇ ಬಾಗಿಲು ತೆಗೆದಿದ್ದಳು. ಅವನು ಅವಳ ಹೆಗಲಾಚೆ ಒಳಗೆ ಇಣುಕಿ, ಅಲ್ಲಿದ್ದ ಒಂದೇ ಜೊತೆ ಚಪ್ಪಲಿ ನೋಡಿ ನಕ್ಕಿದ್ದ.

"ಚೊಲ್ಗು ಅಣ್ಣ ಇಲ್ವಾ ಅತ್ತಿಗೆ?"

ಅದೇ ನಗು. ಅದೇ ದನಿ!

ಅವಳು ಫೋನ್ ಎತ್ತಿಕೊಂಡಳು. ಮೊದಲ ರಿಂಗಿಗೇ ಅವನು ಎತ್ತಿದ.

"ಸೆಬೊಮ್?"

"ಜಿಹಾನ್... ನನ್ನ ಕ್ಷಮಿಸಿ. ಮಾ ಚೊಲ್ಗು ಅಂತ ಯಾರೂ ಇಲ್ಲ. ನಾನೊಬ್ಬಳೇ ಇರೋದು. ಹೆದರಿ ಹಾಗಂದೆ. ಕಳ್ಳ ಯಾರು ಅಂತ ಗೊತ್ತಾಯ್ತು, ಹಬ್ಬದ ವಾರ ಪಾನ್ಸು ಮಾಮನ ಬದಲು ಬಂದಿದ್ದ..."

ಟಿಕ್.

ಅವಳು ಬಾಗಿಲ ಕಡೆ ತಿರುಗಿದಳು.

ಟಿಕ್. ಟಿಕ್. ಟಿಕ್.

ಅದು ಅವಳ ಮನೆ ಬಾಗಿಲಿನ ಬೀಗ. ಯಾರೋ ಹೊರಗಿನಿಂದ ಸಂಖ್ಯೆ ಒತ್ತುತ್ತಿದ್ದರು. ತಪ್ಪು ಸಂಖ್ಯೆಯ ಕರ್ಕಶ ಸದ್ದು ಬಂತು. ತುಸು ಬಿಟ್ಟು ಮತ್ತೆ... ಟಿಕ್.

"ಅದೇನು ಸದ್ದು?" ಜಿಹಾನ್‌ನ ದನಿ ಬದಲಾಯಿತು. "ಸೆಬೊಮ್! ಬಾಗಿಲ ಹತ್ರ ಯಾರಿದ್ದಾರೆ?"

"ನೀವು... ನೀವೆಲ್ಲಿದ್ದೀರಾ?"

"ಆಫೀಸಿಂದ ಈಗ ಹೊರಟೆ. ಸೇತುವೆ ಹತ್ರ ವಾಹನಗಳ ಮಧ್ಯೆ ಸಿಕ್ಕಿಬಿದ್ದಿದ್ದೀನಿ."

ಹೊರಗಿನಿಂದ ರಾಗ ಎಳೆದ ದನಿ ಬಂತು. "ಅತ್ತಿಗೇ... ಬಾಗಿಲು ತೆಗೀರಿ. ಪಾರ್ಸೆಲ್ ಇದೆ. ಚೊಲ್ಗು ಅಣ್ಣ ಮನೇಲಿಲ್ವಾ? ಇರಲ್ಲ ಬಿಡಿ... ಯಾವತ್ತು ಇದ್ದ?"

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ನೆಲದ ಮೇಲೆ ಕುಳಿತಳು.

"ಸೆಬೊಮ್, ನನ್ನ ಮಾತು ಕೇಳಿಸ್ತಿದೆಯಾ?" ಫೋನಿನೊಳಗೆ ಜಿಹಾನ್ ಬಹಳ ಮೆಲ್ಲಗೆ ಮಾತಾಡುತ್ತಿದ್ದ. "ಪೊಲೀಸರಿಗೆ ಇನ್ನೊಂದು ಫೋನಿಂದ ಹೇಳ್ತಿದ್ದೀನಿ. ಈ ಫೋನಿನ ಸ್ಪೀಕರ್ ಹಾಕಿ ಸದ್ದು ಪೂರ್ತಿ ಏರಿಸಿ. ಬಾಗಿಲ ಹತ್ರ ನೆಲದ ಮೇಲಿಡಿ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೊಳ್ಳಿ. ನನ್ನ ನಂಬ್ತೀರಾ?"

ಒಂದು ಗಂಟೆಯ ಹಿಂದೆ ಅವನ ಮೇಲೆ ಕೂಗಾಡಿದ್ದ ಬಾಯಿ ಈಗ ಒಂದೇ ಮಾತು ಹೇಳಿತು.

"ಹ್ಞೂಂ."

ಅವಳು ತೆವಳಿಕೊಂಡು ಹೋದಳು. ಆ ಬಾಗಿಲಿಗೂ ಅವಳಿಗೂ ನಡುವೆ ಒಂದು ಗೇಣು. ಆಚೆಯವನ ಉಸಿರು ಕೇಳಿಸುತ್ತಿತ್ತು. ಫೋನ್ ಇಟ್ಟು ಬಚ್ಚಲು ಸೇರಿ ಚಿಲಕ ಜಡಿದಳು.

ಟಿಕ್. ಟಿಕ್. ಟಿಕ್...

"ಯಾವನೋ ಅವ್ನು?!"

ಮನೆಯೇ ಅದುರಿತು!

"ಯಾವನೋ ಅವ್ನು ನನ್ನ ಮನೆ ಬಾಗ್ಲು ಕೆರೆಯೋನು? ಮನುಷ್ಯ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ವೇನೋ ಬಡ್ಡಿಮಗನೇ! ಮಾ ಚೊಲ್ಗು ಕಣೋ! ಇರು, ಪ್ಯಾಂಟು ಹಾಕ್ಕೊಂಡು ಬಂದೆ! ನಿನ್ನ ಕೈ ಮುರಿದು ಬಂದರಿನ ಮೀನಿಗೆ ಹಾಕಿಲ್ಲ ಅಂದ್ರೆ ನನ್ನ ಹೆಸರು ಚೊಲ್ಗು ಅಲ್ಲ!"

ಬಾಗಿಲಾಚೆ ಸದ್ದಿಲ್ಲ. ಇಲ್ಲದ ಮನುಷ್ಯ ಉತ್ತರ ಕೊಟ್ಟರೆ ಯಾರ ರಕ್ತ ತಾನೇ ಹೆಪ್ಪುಗಟ್ಟದು?

ಮರುಕ್ಷಣ ದಡದಡ ಮೆಟ್ಟಿಲಿಳಿಯುವ ಸದ್ದು. ಕೆಳಗೆ ಗಲ್ಲಿಯಲ್ಲಿ ಗಾಡಿಯ ಹಾರ್ನ್ ಒಂದೇ ಸಮ ಕಿರುಚಿತು.

*

ಪಾನ್ಸು ಮಾಮ ತನ್ನ ಪಾರ್ಸೆಲ್ ಗಾಡಿಯನ್ನು ಗಲ್ಲಿಗೆ ಅಡ್ಡಲಾಗಿ ನಿಲ್ಲಿಸಿಬಿಟ್ಟಿದ್ದ. ಜಿಹಾನ್ ಕಂಪನಿ ಚಾಲಕರ ಫೋನ್ ಗುಂಪಿಗೆ ಹಾಕಿದ ಒಂದು ಸಾಲು ನೋಡಿ, ಪಕ್ಕದ ಬೀದಿಯಲ್ಲಿದ್ದವನು ಪೆಟ್ಟಿಗೆಗಳನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದ. ಪೊಲೀಸರು ಆ ಹೊಸಬನನ್ನು ಹಿಡಿದೊಯ್ಯುವಾಗ ಮಾಮ ಅವನ ಮುಖ ಗುರುತಿಸಿ ಗೋಡೆಗೆ ಹಣೆ ಚಚ್ಚಿಕೊಂಡ.

"ಇವನಿಗೆ ನಾನೇ ನನ್ನ ಪಾಸ್‌ವರ್ಡ್ ಕೊಟ್ಟೆ ಕಣಮ್ಮ! ಸೊಂಟ ಹಿಡಿದಿತ್ತು... ಪಾಪ, ಹಬ್ಬದ ದಿನ ದುಡಿಯೋಕೆ ಬಂದಿದ್ದಾನೆ, ನಾವೇನು ಬೇರೆಯವರಾ ಅಂದ್ಕೊಂಡೆ..."

ನಾವೇನು ಬೇರೆಯವರಾ! ಬುಸಾನಿನಲ್ಲಿ ಈ ಮಾತಿಲ್ಲದೆ ಕುಡಿಯಲು ಲೋಟ ಎತ್ತುವವರಿಲ್ಲ. ದುರುಮಿಯ ಗೋದಾಮಿನಲ್ಲಿ ಈ ಮಾತಿನ ಮೇಲೆಯೇ ಪಾಸ್‌ವರ್ಡುಗಳೂ ಕೈಯಿಂದ ಕೈಗೆ ಹೋಗುತ್ತಿದ್ದವು. ಹಬ್ಬದ ವಾರ ಯಾರು ಯಾವ ಗಲ್ಲಿಗೆ ಹೋಗಬೇಕಾಗುತ್ತದೋ ಎಂದು ಕಂಪನಿ ಪ್ರತಿ ಪಾಸ್‌ವರ್ಡಿಗೂ ಇಡೀ ಊರಿನ ಬಾಗಿಲುಗಳನ್ನು ತೆರೆದಿಟ್ಟಿತ್ತು. ಕಳ್ಳನಿಗೆ ಇನ್ನೇನು ಬೇಕು?

ಸೆಬೊಮ್ ಮಾಮನ ಬೆನ್ನು ಸವರಿದಳು. ಆ ಮಾತು ಮನೆಗಳನ್ನು ತೆರೆದಿತ್ತು, ನಿಜ. ಇವತ್ತು ಗಲ್ಲಿಗೆ ಅಡ್ಡ ನಿಂತದ್ದೂ ಅದೇ ಮಾತು.

ಎಲ್ಲರೂ ಹೋದರು. ಅವಳು ಮತ್ತೆ ಬೀಗ ಹಾಕಿ ಕುಳಿತಳು. ಕೈ ಇನ್ನೂ ನಡುಗುತ್ತಿತ್ತು. ಆಗ ಮೆಟ್ಟಿಲ ಮೇಲೆ ಓಡಿ ಬರುವ ಹೆಜ್ಜೆ.

ಹೆಜ್ಜೆ ಬಾಗಿಲಾಚೆ ನಿಂತಿತು. ಗಂಟೆ ಒತ್ತಲಿಲ್ಲ.

ಟಕ್ ಟಕ್. ಬೆರಳಿನಿಂದ ಮೆಲ್ಲಗೆ ತಟ್ಟಿದ ಸದ್ದು.

ಪರದೆಯಲ್ಲಿ ಕಪ್ಪು ಕೋಟು. ಕನ್ನಡಕ ಓರೆಯಾಗಿತ್ತು. ಏದುಸಿರು.

"ಯಾರು?" ಕೇಳಿದಳು, ಗೊತ್ತಿದ್ದೂ.

"ಮಾ... ಮಾ ಚೊಲ್ಗು." ಕಿರುಚಿ ಕಿರುಚಿ ಅವನ ದನಿ ಒಡೆದಿತ್ತು.

"ಆ ಹೆಸರಿನೋರು ಇಲ್ಲಿ ಇಲ್ಲ. ನಿಜವಾದ ಹೆಸರು ಹೇಳಿ."

ಅವನು ಬಾಗಿಲಿನ ಕ್ಯಾಮೆರಾದತ್ತ ಮುಖ ಎತ್ತಿದ.

"ಗುಕ್ ಜಿಹಾನ್. ಆವತ್ತು ಹೇಳದೆ ಕೇಳದೆ ನಿಮ್ಮ ಬಾಗಿಲಿಗೆ ಬಂದು ಹೆದರಿಸಿದ ಮೂರ್ಖ. ನಿಮಗೆ ಗಂಡ ಇದ್ದಾನೆ ಅಂದಾಗ ಕೆಲಸದ ಮೇಲೆ ಗಮನ ಕಳ್ಕೊಂಡ ತನಿಖೆಗಾರ." ಅವನು ಕನ್ನಡಕ ಸರಿಮಾಡಿಕೊಂಡ. "ಬಾಗಿಲು ತೆಗೀಬೇಕು ಅಂತೇನಿಲ್ಲ ಸೆಬೊಮ್. ನೀವು ಸುರಕ್ಷಿತವಾಗಿದ್ದೀರಾ ಅಂತ ಕೇಳಿದ್ರೆ ಸಾಕು. ಬೆಳಗಾಗೋವರೆಗೂ ಈ ಮೆಟ್ಟಿಲ ಮೇಲೇ ಕೂತಿರ್ತೀನಿ."

ಅವಳು ಬಾಗಿಲು ತೆರೆದಳು.

ಹೊರಗೆ ಅವನು, ಒಳಗೆ ಅವಳು, ನಡುವೆ ಹೊಸ್ತಿಲು. ಅವನು ಒಂದು ಹೆಜ್ಜೆಯೂ ಮುಂದಿಡಲಿಲ್ಲ. ಅವಳೇ ಅವನ ತೋಳು ಹಿಡಿದಳು. ಆಗ ತಿಳಿಯಿತು... ಅವನೂ ನಡುಗುತ್ತಿದ್ದ!

"ಚಳಿಗಾ?" ಕೇಳಿದಳು.

"ಹ್ಞೂಂ... ಚಳಿಗೆ," ಎಂದ.

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅವಳ ಕಣ್ಣೀರು ಧಾರೆಯಾಗಿ ಇಳಿಯಿತು. ಅರ್ಧ ಹೆರೆದ ಪೇರು ಹಣ್ಣನ್ನು ಇಬ್ಬರೂ ಹೊಸ್ತಿಲ ಮೇಲೇ ಕುಳಿತು ಹಂಚಿಕೊಂಡು ತಿಂದರು. ಎರಡು ಲಕ್ಷ ಮನೆಗಳಿಗೆ ಬೆಳಗಾಗುವ ಮೊದಲೇ ಕಳಿಸಬೇಕಾದ ಎಚ್ಚರಿಕೆಯನ್ನು ಅಲ್ಲೇ ಕೂತು ಬರೆದರು. ಈ ಸಲ ನಿರ್ದೇಶಕ ಚಾ ಬೇಡ ಎನ್ನಲಿಲ್ಲ.

*

ಚಳಿಗಾಲ ಶುರುವಾಯಿತು. ಕಟ್ಟಡದ ಸಂಖ್ಯೆ ಬದಲಾಯಿತು. ಗೋದಾಮಿನಲ್ಲಿ ಒಬ್ಬೊಬ್ಬರಿಗೂ ಅವರವರ ಗಲ್ಲಿ ಮಾತ್ರ ತೋರಿಸುವ ಪಾಸ್‌ವರ್ಡ್ ಬಂತು. ಆದರೂ ಸಂಜೆ ಹೊತ್ತು ಬೀಗದ ಟಿಕ್ ಸದ್ದಿಗೆ ಸೆಬೊಮ್ ಇನ್ನೂ ಬೆಚ್ಚುತ್ತಿದ್ದಳು. ಆಗೆಲ್ಲ ಜಿಹಾನ್ ಏನೂ ಹೇಳದೆ ಮೇಜಿಗೆ ಟಕ್ ಟಕ್ ಎಂದು ಬೆರಳು ತಟ್ಟುತ್ತಿದ್ದ. ನಾನಿಲ್ಲೇ ಇದ್ದೀನಿ ಎನ್ನುವಂತೆ.

ಒಂದು ಭಾನುವಾರ ಅಮ್ಮನ ಫೋನ್ ಬಂತು.

"ಕಿಮ್ಚಿ ಉಪ್ಪಿನಕಾಯಿ ಹಾಕಿ ಮುಗೀತು ಕಣೇ, ನಾಳೆ ಕಳಿಸ್ತೀನಿ. ಈ ಸಲ ಯಾರ ಹೆಸರು ಬರೀಲಿ?"

ಸೆಬೊಮ್ ಪಕ್ಕಕ್ಕೆ ನೋಡಿದಳು. ಅವನು ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯುತ್ತಿದ್ದ. ಮೂಗಿನ ತುದಿಯಲ್ಲಿ ನೊರೆ.

"ಗುಕ್ ಜಿಹಾನ್ ಅಂತ ಬರಿ ಅಮ್ಮ."

"ಇದ್ಯಾವ ಹೆಸರೇ? ಕೇಳಿದ್ರೆ ಒಂಚೂರೂ ಭಯ ಆಗಲ್ವಲ್ಲೇ!"

"ಹ್ಞೂಂ ಅಮ್ಮ," ಅವಳ ದನಿ ಮೆತ್ತಗಾಯಿತು. "ಭಯ ಆಗಲ್ಲ."

ಫೋನ್ ಇಟ್ಟಾಗ ಜಿಹಾನ್ ತಿರುಗಿ ನಿಂತಿದ್ದ.

"ಒಂದು ಹೆಸರನ್ನ ಒಂದೇ ಸಲ ಬಳಸೋದಲ್ವಾ ನಿಮ್ಮ ಪದ್ಧತಿ? ಮುಂದಿನ ಪಾರ್ಸೆಲ್‌ಗೆ ಯಾರು?"

ಅವಳು ಅವನ ಮೂಗಿನ ನೊರೆ ಒರೆಸಿದಳು.

"ಇನ್ನು ಬದಲಾಯಿಸಲ್ಲ."